ಬದನೆಕಾಯಿಗೆ ನಾಯಕನಟನ ಗಂಟಲು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ಅರ್ಧ ಮೀಸೆ ಬೋಳಿಸಿಬಿಡಿ, ಮಕ್ಕಳಾ. ಮೊಸರಿಗೆ ಹೆಪ್ಪು ಕೇಳುವ ಹಾಗೆ ಪಕ್ಕದೂರಿನವರು ನಿಮ್ಮ ಈ ಮಾಮನ ಹತ್ತಿರ ಸತ್ಯ ಕೇಳಿಕೊಂಡು ಹೋಗುತ್ತಾರೆ!

ಒಂದಾನೊಂದು ಊರಿನಲ್ಲಿ ಬಟನ್ ಭೂಪಾಲನೆಂಬ ರಾಜ. ಮೊಬೈಲಿನಲ್ಲಿ ಗೇಮ್ ಆಡಿ ಆಡಿ ಅವನ ಹೆಬ್ಬೆರಳು ರೊಟ್ಟಿಯಂತೆ ಚಪ್ಪಟೆಯಾಗಿತ್ತು. ಗೇಮಿನಲ್ಲಿ ಇದ್ದದ್ದು ಒಂದು ಬದನೆಕಾಯಿ, ಒಂದು ಹಳ್ಳ. ಹಳ್ಳದ ಆಚೆ ಬದನೆಯ ತಾಯಿ. ರಾಜ ಬಟನ್ ಒತ್ತಿದರೆ ಬದನೆ "ಪುಸಕ್" ಎಂದು ಹಾರುತ್ತಿತ್ತು. ಬದನೆಗಳಿಗೆ ಕಣ್ಣಿಲ್ಲ ನೋಡಿ, ಆ ದನಿ ಕೇಳಿಯೇ ತಾಯಿ, "ಬಂದ್ಯಾ ಮಗಾ?" ಎಂದು ತಬ್ಬಿಕೊಳ್ಳುತ್ತಿದ್ದಳು.

"ಇದನ್ನ ಕಾರ್ಟೂನ್ ಸಿನಿಮಾ ಮಾಡ್ಸಿ," ಎಂದ ರಾಜ.

"ಬರೀ ಪುಸಕ್ ಅಂದ್ರೆ ಯಾರು ಬರ್ತಾರೆ ಮಹಾಪ್ರಭು? ಸ್ಟಾರ್ ದನಿ ಬೇಕು," ಎಂದ ದಿವಾನ.

ಬಂದ ನೋಡಿ ಗುಡುಗು ರುದ್ರೇಶ! ಅವನು ಸೀನಿದರೂ ಅಭಿಮಾನಿಗಳು ಶಿಳ್ಳೆ ಹೊಡೆಯುತ್ತಿದ್ದರು. ಬದನೆಯ ಗಂಟಲಿನಿಂದ ಪುಸಕ್ ಕಿತ್ತು, ಅವನ ಗುಡುಗು ತುರುಕಿದರು.

"ನನ್ನ ಪುಸಕ್ ಎಲ್ಲಿ?" ಎಂದಿತು ಬದನೆ. ಸ್ಟುಡಿಯೋದ ಹೆಂಚು ಹಾರಿಹೋಯಿತು.

ಸ್ಟಾರ್ ಆದಮೇಲೆ ಸುಮ್ಮನೆ ಹಾರುವಂತಿಲ್ಲ. ಮೊದಲು ಡೈಲಾಗ್ ಬೇಕು. ಡೈಲಾಗಿಗೆ ಎದುರಾಳಿ ಬೇಕು. ಅಲ್ಲಿ ಇದ್ದದ್ದು ಹಳ್ಳ. ಸರಿ, ಹಳ್ಳಕ್ಕೆ ಇನ್ನೊಬ್ಬ ಸ್ಟಾರ್ ಸಿಡಿಲು ನಂಜೇಶನ ದನಿ ಹಾಕಿಸಿದರು. ತಕ್ಷಣ ನಂಜೇಶನ ಅಭಿಮಾನಿ ಸಂಘ ಅರಮನೆ ಮುಂದೆ ಧರಣಿ ಕೂತಿತು.

"ನಮ್ಮಣ್ಣನ್ನ ಒಂದು ಬದನೆಕಾಯಿ ದಾಟೋದಾ? ದಾಟಿದ್ರೆ ಥಿಯೇಟರಿಗೆ ಬೀಗ!"

ದಾಟುವುದು ರದ್ದಾಯಿತು.

"ಅಣ್ಣಾ, ದಾರಿ ಬಿಡಿ, ಅಮ್ಮ ಕಾಯ್ತಾ ಇದಾಳೆ," ಎಂದು ಬದನೆ ಗುಡುಗಿತು.

"ತಡಿಯೋ, ಮೊದಲು ನನ್ನ ಎಂಟ್ರಿ ಹಾಡು ಮುಗೀಲಿ," ಎಂದಿತು ಹಳ್ಳ.

ಮೊದಲ ದಿನ, ಮೊದಲ ಆಟ. ಹಾಡಿಗೆ ಅಭಿಮಾನಿಗಳು ಹುಚ್ಚೆದ್ದು ಪರದೆಗೇ ಹಾಲಿನ ಅಭಿಷೇಕ ಮಾಡಿದರು. ಕ್ಯಾನುಗಟ್ಟಲೆ ಹಾಲು! ಹಳ್ಳ ತುಂಬಿತು. ಬದನೆ ಹಾರಲಿಲ್ಲ, ದಾಟಲಿಲ್ಲ. ತೇಲಿಕೊಂಡು ಆಚೆ ದಡ ಸೇರಿತು.

"ಅಮ್ಮಾ!" ಎಂದಿತು.

ತಾಯಿ ಬೆಚ್ಚಿಬಿದ್ದು ಎದ್ದಳು. ತಲೆಗೆ ಸೆರಗು ಹೊದ್ದು ಕೈಮುಗಿದಳು. "ಯಾರು ಸ್ವಾಮಿ ತಾವು? ದನಿ ಕೇಳಿದ್ರೆ ದೊಡ್ಡೋರ ಥರ ಇದೀರಿ. ಕೂತ್ಕೊಳ್ಳಿ, ನನ್ನ ಮಗ ಬರೋ ಹೊತ್ತು."

ಮಣೆ ಹಾಕಿ, ಹಳ್ಳದ ಕಡೆ ಕಿವಿಗೊಟ್ಟು ಕೂತಳು.

ಬದನೆ ಮಣೆಯ ಮೇಲೆ ತಲೆ ತಗ್ಗಿಸಿತು. ಇನ್ನೊಮ್ಮೆ ಬಾಯಿ ತೆರೆದರೆ ಅಮ್ಮ ಇನ್ನೊಮ್ಮೆ ಕೈಮುಗಿಯುತ್ತಾಳೆ. ಆ ನಾಚಿಕೆಗೆ ಅದರ ಮುಖ ಕಪ್ಪಿಟ್ಟಿತು. ಶಿಳ್ಳೆಗಳು ಬಾಯಲ್ಲೇ ಒಣಗಿದವು. ಮುಂದಿನ ಸಾಲಿನಲ್ಲಿದ್ದ ರುದ್ರೇಶ ಶಾಲನ್ನು ಮುಖದ ಮೇಲೆ ಎಳೆದುಕೊಂಡ. ರಾಜನಿಗೂ ನಾಚಿಕೆಯಾಗಿ ಹೆಬ್ಬೆರಳನ್ನು ಜೇಬಿಗಿಳಿಸಿದ.

ಅಂದಿನಿಂದ ಬದನೆಕಾಯಿ ಗಿಡದಲ್ಲಿ ತಲೆ ತಗ್ಗಿಸಿಯೇ ನೇತಾಡುತ್ತದೆ. ಯಾರೊಂದಿಗೂ ಮಾತಿಲ್ಲ.

ನೀತಿ ಏನಪ್ಪಾ ಅಂದರೆ, ಬದನೆಕಾಯಿಯನ್ನು ಮಾತಾಡಿಸಲು ಹೋಗಬೇಡಿ. ಹುಳ ಇದೆಯಾ ನೋಡಿಕೊಳ್ಳಿ, ಸಾಕು.

ಎಲ್ಲವೂ ನಡೆದದ್ದೇ. ಒಂದು ಚೂರು ಮಾತ್ರ ನಾನು ಕೈಯಿಂದ ಸೇರಿಸಿದೆ: ರಾಜನಿಗೆ ನಾಚಿಕೆಯಾಯಿತು ಅನ್ನುವುದು.