ಕೆಂಪು ಹುಳ ತಂದ ತಿಪ್ಪಕ್ಕ

ಯಾವ ಕಾಲದ್ದೋ ಹೇಳೋರಿಲ್ಲ, ಕೇಳಿ ಮಕ್ಕಳೇ. ವೇದಾವತಿ ಹೊಳೆಯ ದಂಡೆಯಲ್ಲಿ ಒಂದೂರು. ಆ ಊರಲ್ಲಿ ತಿಪ್ಪಕ್ಕ ಅಂತ ಒಬ್ಬಳಿದ್ದಳಂತೆ. ಅವಳ ಹಿತ್ತಲಿನ ಕುಂಬಳಕಾಯನ್ನು ಇಬ್ಬರು ಹಿಡಿದು ಎತ್ತಬೇಕಿತ್ತಂತೆ. ಬೀಜಕ್ಕೆ ಊರೆಲ್ಲ ಅವಳ ಬಾಗಿಲಿಗೇ ಬರುತ್ತಿತ್ತಂತೆ.

ಒಂದು ಸಲ ಹೊಳೆಯಾಚೆ ತಂಗಿಯ ಊರಿಗೆ ಹೋದಳು. ಅಲ್ಲಿ, ತನ್ನೂರಲ್ಲಿ ಯಾರೂ ಕಾಣದ ಸೌತೆಬಳ್ಳಿಯೊಂದನ್ನು ನೋಡಿ ಆಸೆಪಟ್ಟು, ಬೇರಿನ ಮಣ್ಣು ಸಮೇತ ಕುಕ್ಕೆಯಲ್ಲಿಟ್ಟುಕೊಂಡು ಬಂದಳು. ಆಮೇಲೆ ಊರಿಗೆ ಹುಳ ಬಂತು. ಕೆಂಪಗೆ, ಮಿರಮಿರ ಮಿಂಚುವ ಹುಳ. ಎಳೇ ಎಲೆಯನ್ನು ಜರಡಿ ಮಾಡುತ್ತಿತ್ತು. ಅದರ ಮರಿ ಮಣ್ಣೊಳಗೆ ಬೇರು ತಿನ್ನುತ್ತಿತ್ತು. ಹೀರೆ ಹೋಯಿತು, ಸೋರೆ ಹೋಯಿತು, ಬೇಸಿಗೆಗೆ ಅಂತ ಅಟ್ಟದ ಮೇಲಿಡುವ ಕುಂಬಳವೂ ಹೋಯಿತು.

ಆಗ ಪಕ್ಕದ ಮನೆಗೆ ಜುಂಜಮ್ಮ ಅಂತ ಹೊಸ ಸೊಸೆ ಬಂದಿದ್ದಳು. ಎಲ್ಲರೂ ಅವಳ ಕಾಲ್ಗುಣ ಅಂದರು. ಬಾವಿಕಟ್ಟೆಯಲ್ಲಿ ಹೆಂಗಸರು ಅವಳಿಗೆ ಜಾಗ ಬಿಡಲಿಲ್ಲ. ಅತ್ತೆ ಗಂಟು ಕಟ್ಟಿಕೋ ಅಂದಳು.

ತಿಪ್ಪಕ್ಕನಿಗೆ ಗೊತ್ತಿತ್ತು. ಆ ಸೌತೆಬಳ್ಳಿಯ ಬುಡ ಕೆದಕಿದಾಗ ಹುಳದ ಮರಿಗಳು ಮುದ್ದೆಮುದ್ದೆಯಾಗಿ ಕಂಡಿದ್ದವು. ಕಂಡು, ಮಣ್ಣು ಮುಚ್ಚಿ, ಬಾಯೂ ಮುಚ್ಚಿಕೊಂಡಳಂತೆ. ಬೀಜದ ತಿಪ್ಪಕ್ಕ ಅನ್ನುವ ಹೆಸರು ಅಷ್ಟು ರುಚಿಯಾಗಿತ್ತು.

ತವರಿಗೆ ಹೊರಟ ಜುಂಜಮ್ಮ, ಗಂಟು ಹೊತ್ತು, ತಿಪ್ಪಕ್ಕನ ಹಿತ್ತಲ ಬಾಗಿಲಲ್ಲಿ ನಿಂತಳು. ಒಂದು ಚೊಂಬು ನೀರು ಕೇಳಿದಳು. ಕುಡಿದು, ಹುಳ ಹತ್ತಿದ ಬಳ್ಳಿ ನೋಡಿ ಕಣ್ಣೀರು ಹಾಕಿದಳು.

"ನನ್ನಿಂದ ನಿಮ್ಮ ಬಳ್ಳಿನೂ ಹಾಳಾತಲ್ಲ ಅಜ್ಜಿ. ತಪ್ಪಾತು," ಅಂತ ಕಾಲಿಗೆ ಬಿದ್ದಳು.

ತಿಪ್ಪಕ್ಕನ ಕಾಲು ಸುಟ್ಟಂತಾಯಿತಂತೆ. ಆ ಹುಡುಗಿಯ ಕೈ ಹಿಡಿದುಕೊಂಡು ಸೀದಾ ಬಾವಿಕಟ್ಟೆಗೆ ಬಂದಳು. "ಹುಳ ತಂದೋಳು ನಾನು. ಇವಳ ಕಾಲಲ್ಲಿ ಬರಲಿಲ್ಲ, ನನ್ನ ಕುಕ್ಕೇಲಿ ಬಂತು. ಗೊತ್ತಿದ್ದೂ ಸುಮ್ಮನಿದ್ದೆ," ಅಂದಳು. ಜಾಗ ಬಿಡದ ಹೆಂಗಸರು ನೆಲ ನೋಡಿದರು.

ಅವತ್ತೇ ಸೌತೆಬಳ್ಳಿ ಕಿತ್ತು ಸುಟ್ಟಳು. ಮರುದಿನ ಹೊತ್ತು ಹುಟ್ಟುವ ಮೊದಲೇ, ಅಂಟುವಾಳದ ನೊರೆನೀರಿನ ಮಡಕೆ ಹಿಡಿದು ಮನೆಮನೆಯ ಹಿತ್ತಲಿಗೆ ಹೋದಳು. ಇಬ್ಬನಿಗೆ ಜಡವಾದ ಹುಳ ಹಾರೋದಿಲ್ಲ. ಎಲೆ ಕೊಡವಿ ಮಡಕೆಗೆ ಬೀಳಿಸಿದಳು. ಬುಡ ಅಗೆದು ಮರಿಗಳನ್ನು ಕೋಳಿಗಳಿಗೆ ಬಿಟ್ಟಳು. ಚಿಗುರಿಗೆ ಒಲೆಯ ಬೂದಿ ಎರಚಿದಳು. ಸಾಯೋವರೆಗೂ ಹೀಗೇ ಮಾಡಿದಳಂತೆ. ಅವಳ ನೆರಳು ಬಿದ್ದರೆ ಹುಳ ತಾನೇ ಉದುರುತ್ತಿತ್ತು ಅಂತಲೂ ಹೇಳುತ್ತಾರೆ. ಅದು ನನಗೆ ತಿಳಿಯದು. ಯಾರ ಮನೆಯ ಮುಂಬಾಗಿಲಿಗೂ ಮತ್ತೆ ಅವಳು ಹೋಗಲಿಲ್ಲ, ಯಾರ ಮುಖವನ್ನೂ ತಲೆಯೆತ್ತಿ ನೋಡಲಿಲ್ಲ ಅನ್ನೋದನ್ನ ಮಾತ್ರ ಎಲ್ಲರೂ ಹೇಳುತ್ತಾರೆ.

ಜುಂಜಮ್ಮ ಗಂಡನ ಮನೆಯಲ್ಲೇ ಉಳಿದಳು, ಬಾಳಿದಳು. ಆದರೆ ತಿಪ್ಪಕ್ಕನ ಕೈಯ ನೀರು ಮತ್ತೆ ಕುಡಿಯಲಿಲ್ಲವಂತೆ.

ಈಗಲೂ ಆ ಊರಲ್ಲಿ ಬಳ್ಳಿ ಎರಡೆಲೆ ಬಿಟ್ಟಾಗ, ಹೆಂಗಸರು ಬೆಳಗ್ಗೆ ಮೊದಲು ನೆರೆಮನೆಯ ಹಿತ್ತಲಿಗೆ ಹೋಗಿ ಹುಳ ಆರಿಸುತ್ತಾರೆ. ಆಮೇಲೇ ತಮ್ಮದು. ಒಳಗಿನಿಂದ ಯಾರಾದರೂ "ಯಾರದು?" ಅಂದರೆ ತಮ್ಮ ಹೆಸರು ಹೇಳೋದಿಲ್ಲ.

"ತಿಪ್ಪಕ್ಕ" ಅಂತಾರೆ, ತಲೆ ತಗ್ಗಿಸಿಕೊಂಡು.