ಯಾರಿಗೂ ತಾಗದ ಲಾರಿ

ಹತ್ತಾರು ಮಂದಿ ಕೂಡಿ ಆಡುವ ಆನ್‌ಲೈನ್ ಆಟವೊಂದರ ಘಾಟಿ ರಸ್ತೆಯಲ್ಲಿ ಒಂದು ಲಾರಿಯೂ ಒಂದು ಹಳೆಯ ಬಸ್ಸೂ ಓಡುತ್ತಿದ್ದವು. ಬ್ರೇಕ್ ಕೈಕೊಟ್ಟ ಗಾಡಿಯನ್ನು ಮುಂದಿನ ಗಾಡಿ ಮೈಯೊಡ್ಡಿ ನಿಲ್ಲಿಸುವುದು ಅಲ್ಲಿನ ವಾಡಿಕೆ. ಹಾಗೆ ಲಾರಿಯನ್ನು ಉಳಿಸಿ ಉಳಿಸಿ ಬಸ್ಸಿನ ಮೈ ಜಜ್ಜಿಹೋಗಿತ್ತು.

ಒಂದು ದಿನ ಆಟದ ಲೆಕ್ಕ ಎಲ್ಲೋ ತಪ್ಪಿತು. ಹಿಂದಿನಿಂದ ಬಂದ ಲಾರಿ ಬಸ್ಸಿಗೆ ಗುದ್ದುವ ಬದಲು ಹೊಗೆಯಂತೆ ಅದರೊಳಗೆ ಹೊಕ್ಕು ಆಚೆ ಬಂತು. ಲಾರಿಗೆ ಒಂದು ಗೀರೂ ಬೀಳಲಿಲ್ಲ.

“ತಮ್ಮಾ, ಇದು ದೋಷ. ಒಮ್ಮೆ ಆಟದಿಂದ ಹೊರಗೆ ಹೋಗಿ ಬಾ, ಸರಿಹೋಗುತ್ತದೆ,” ಎಂದಿತು ಬಸ್ಸು.

ಲಾರಿಗೆ ಕೊಂಬು ಬಂದಿತ್ತು. “ದೋಷವೇ? ವರ ಅನ್ನು! ಗುದ್ದಿಸಿಕೊಂಡು ನುಜ್ಜುಗುಜ್ಜಾಗುವುದು ನಿಮ್ಮ ಹಣೆಬರಹ. ಇನ್ನು ನನ್ನನ್ನು ಯಾರೂ ಮುಟ್ಟಲಾರರು.”

ಮರುದಿನ ಇಳಿಜಾರಿನಲ್ಲಿ ಲಾರಿಯ ಬ್ರೇಕ್ ಕೈಕೊಟ್ಟಿತು. ಮುಂದೆ ತಿರುವು, ಅದರಾಚೆ ಪ್ರಪಾತ. ಲಾರಿ ಅರಚಿತು.

“ಅಣ್ಣಾ, ತಡೆ!”

ಮುಂದೆ ಇಳಿಯುತ್ತಿದ್ದ ಬಸ್ಸು ಗಕ್ಕನೆ ತಿರುಗಿ ರಸ್ತೆಗೆ ಅಡ್ಡಲಾಗಿ ನಿಂತಿತು. “ಬಾ ತಮ್ಮಾ, ನನಗೇ ಗುದ್ದು!”

ಲಾರಿ ಇದ್ದಬದ್ದ ಭಾರವನ್ನೆಲ್ಲ ಹೊತ್ತು ಅದರ ಮೇಲೆ ಬಿತ್ತು. ಹೊಗೆಯಂತೆ ಅದರೊಳಗಿಂದ ಹಾದು ಪ್ರಪಾತಕ್ಕೆ ಉರುಳಿತು.

ಬಸ್ಸಿನ ಮೈಮೇಲೆ ಒಂದು ಹೊಸ ಗೀರೂ ಬೀಳಲಿಲ್ಲ.