ಜಟ್ಟಪ್ಪನ ಮೊದಲ ತುತ್ತು

ಬೋಟು ಮುಳುಗಿದರೂ ದೊಡ್ಡಸ್ತಿಕೆ ಮುಳುಗುವುದಿಲ್ಲ ನೋಡಿ.

ನದಿ ಕಡಲು ಸೇರುವ ಕಡೆ ಮೀನಿನ ಬೋಟೊಂದು ಮರಳಿಗೆ ಹೂತು ವಾಲಿತ್ತು. ತಳದಿಂದ ನೀರು ನುಗ್ಗುತ್ತಿತ್ತು. ರಕ್ಷಣಾ ಪಡೆಯ ಸಾಹೇಬರು ತಮ್ಮ ದೋಣಿಯನ್ನು ಪಕ್ಕಕ್ಕೆ ತಂದು ಕೂಗಿದರು: "ಎಲ್ಲರೂ ಇಳಿಯಿರಿ! ಇನ್ನು ಇಲ್ಲಿ ನನ್ನದೇ ಮಾತು."

"ಈ ಬೋಟು ನಡೆಸೋ ತಾಂಡೇಲ ನಾನು. ನಾನು ಹೇಳದೆ ಒಬ್ಬನೂ ಇಳಿಯೋದಿಲ್ಲ," ಎಂದ ಜಟ್ಟಪ್ಪ.

ಆಳುಗಳು ಇಬ್ಬರ ಮುಖವನ್ನೂ ನೋಡುತ್ತ ನಿಂತರು. ಬೋಟು ಇನ್ನಷ್ಟು ವಾಲಿತು.

ಅಡುಗೆಯವನು ಅನ್ನದ ಪಾತ್ರೆ ಎತ್ತಿಕೊಂಡ. "ತಾಂಡೇಲರೇ, ಇಲ್ಲಿ ಅನ್ನ ಚೆಲ್ಲಿಹೋಗ್ತದೆ. ಬೆಳಿಗ್ಗೆಯಿಂದ ಯಾರೂ ಉಂಡಿಲ್ಲ. ಆ ದೋಣಿ ನೆಟ್ಟಗಿದೆ, ಅಲ್ಲಿ ಬಡಿಸಲಾ?"

ಊಟ ಬೇಡ ಅನ್ನುವುದು ಹೇಗೆ? "ಹೋಗಿ, ಉಣ್ಣಿ," ಎಂದು ಜಟ್ಟಪ್ಪ ಗೊಣಗಿದ. ಎಲ್ಲರೂ ಇಳಿದರು. ಅವನೊಬ್ಬ ಉಳಿದ.

ಅಡುಗೆಯವನು ಬಡಿಸಿದ. ಸಾಹೇಬರಿಗೂ ಒಂದು ತಟ್ಟೆ ಕೊಟ್ಟ. ಆಳುಗಳು ಯಾರೂ ಕೈ ಹಾಕಲಿಲ್ಲ.

"ಉಣ್ರಯ್ಯಾ!" ಎಂದು ಸಾಹೇಬರು ಗದರಿದರು.

"ತಾಂಡೇಲರು ಮೊದಲ ತುತ್ತು ತಿನ್ನದೆ ನಾವು ಮುಟ್ಟೋದಿಲ್ಲ ಸಾಹೇಬರೇ. ನಮ್ಮ ಬೋಟಿನ ಪದ್ಧತಿ," ಎಂದ ಅಡುಗೆಯವನು, ಜಟ್ಟಪ್ಪನಿಗೂ ಕೇಳುವಷ್ಟು ಗಟ್ಟಿಯಾಗಿ.

ಜಟ್ಟಪ್ಪ ಹಸಿದ ಮುಖಗಳನ್ನು ನೋಡಿದ. ಬೋಟಿನ ಅಂಚನ್ನೊಮ್ಮೆ ಸವರಿ, ಅಡುಗೆಯವನನ್ನು ಬೈಯುತ್ತಲೇ ಇಳಿದು ಬಂದ.

ದೋಣಿ ದಡದತ್ತ ಹೊರಟಿತು. ಹಿಂದೆ ಬೋಟು ಅಡ್ಡ ಬಿದ್ದ ಸದ್ದು. ಜಟ್ಟಪ್ಪ ತಿರುಗಿ ನೋಡಲಿಲ್ಲ. ತುತ್ತೆತ್ತಿ ಬಾಯಿಗಿಟ್ಟ.

ಎಲ್ಲರೂ ಉಣ್ಣತೊಡಗಿದರು. ಸಾಹೇಬರು ಮಾತ್ರ ತಟ್ಟೆ ಹಿಡಿದು ಅವನನ್ನೇ ನೋಡುತ್ತಿದ್ದರು.

"ನೀವೂ ಉಣ್ಣಿ," ಎಂದ ಜಟ್ಟಪ್ಪ.

ಆಗಲೇ ಸಾಹೇಬರು ಅನ್ನಕ್ಕೆ ಕೈ ಹಾಕಿದ್ದು.